ಮಳೆ ಜೋರಾದರೆ ಆಫ್ ಆಗುವ ಗಾಡಿ: ಕೆಲಸದ ದಿನಚರಿ

ಜೂನ್ 16

100 ಸಿಸಿ ಫೋರ್ ಸ್ಟ್ರೋಕ್, ಕಾರ್ಬುರೇಟರ್ ಬೈಕ್, 2009ರ ಮಾಡೆಲ್. ಇಗ್ನಿಷನ್ ಎಸಿ ಸಿಡಿಐ, ಅಂದರೆ ಮ್ಯಾಗ್ನೆಟ್ಟಿನ ಕರೆಂಟನ್ನು ತುಂಬಿಸಿಟ್ಟು ಕಿಡಿಗೆ ಬಿಡುವ ಎಲೆಕ್ಟ್ರಾನಿಕ್ ಬಾಕ್ಸ್. ಕಿಡಿಗೆ ಬೇಕಾದ ಕರೆಂಟು ನೇರ ಮ್ಯಾಗ್ನೆಟ್ ಕಾಯಿಲಿನಿಂದ ಬರುವುದರಿಂದ ಬ್ಯಾಟರಿ ಪೂರ್ತಿ ಇಳಿದಿದ್ದರೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಮಡಿಕೇರಿ–ಭಾಗಮಂಡಲ ರಸ್ತೆಯಲ್ಲಿ ದಿನಾ ಓಡಾಡುವ ಗಾಡಿ ಇದು. ಮೇ ತಿಂಗಳ ತನಕ ಒಂದು ದಿನವೂ ಕೈಕೊಟ್ಟಿಲ್ಲ. ಮುಂಗಾರು ಹಿಡಿದ ಮೇಲೆ ಬೆಟ್ಟಗೇರಿ ದಾಟಿ ಚೇರಂಬಾಣೆ ಮುಟ್ಟುವುದರೊಳಗೆ ಒಂದೆರಡು ಸಲ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದವರ ಹಾಗೆ ಸ್ಟಾರ್ಟ್.

ನಮ್ಮ ಕೈಗೆ ಬರುವ ಮೊದಲೇ ಪ್ಲಗ್, ಏರ್ ಫಿಲ್ಟರ್, ಸಿಡಿಐ ಬಾಕ್ಸ್ ಮೂರೂ ಹೊಸದಾಗಿವೆ. ಮೂರೂ ಬಿಸಿಲಿನಲ್ಲಿ ಶೆಡ್ಡಿನೊಳಗೆ ನಿಂತು ಬದಲಾಯಿಸಿದವು. ಮಳೆಗೆ ಬರುವ ರೋಗವನ್ನು ಒಣಗಿದ ಗಾಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೊದಲು ಅದನ್ನು ನಮ್ಮ ಕಣ್ಣೆದುರು ಆಫ್ ಮಾಡಿಸಬೇಕು, ಆಮೇಲೆ ಸ್ಪ್ಯಾನರ್.

ಓಡಿಸುವವರನ್ನು ಕೇಳಿದ ಮೊದಲ ಪ್ರಶ್ನೆ: ನಿಲ್ಲುವುದು ಹೇಗೆ? ಕೀ ತಿರುಗಿಸಿದ ಹಾಗೆ ಟಪ್ ಎಂದು ನಿಂತರೆ ಕರೆಂಟಿನ ಕಡೆ ನೋಡಬೇಕು. ಮಿಸ್ ಹೊಡೆಯುತ್ತಾ, ರೇಸ್ ಕೊಟ್ಟಷ್ಟೂ ಸೋಲುತ್ತಾ ನಿಂತು, ಚೋಕ್ ಎಳೆದರೆ ಒಂದಿಷ್ಟು ಜೀವ ಬಂದರೆ ಪೆಟ್ರೋಲಿನ ಕಡೆ. ಎರಡನೆಯ ಪ್ರಶ್ನೆ: ಮೇಲಿನ ಮಳೆಗೋ, ಗುಂಡಿಯ ನೀರು ಎರಚಿದಾಗಲೋ? ಬಂದ ಉತ್ತರ ಇದು: “ಅಣ್ಣಾ, ಒಮ್ಮೊಮ್ಮೆ ಟಪ್ ಅಂತ ನಿಲ್ತದೆ, ಒಮ್ಮೊಮ್ಮೆ ಮಿಸ್ ಹೊಡೆದು ಹೊಡೆದು ನಿಲ್ತದೆ. ನೀರು ಹಾರಿದಾಗಲೂ ಆಗ್ತದೆ, ಬರೀ ಮಳೆಗೂ ಆಗ್ತದೆ.”

ಇದನ್ನು ಹಾಗೇ ಬರೆದಿಟ್ಟುಕೊಂಡೆವು. ಎರಡು ಬಗೆಯಲ್ಲಿ ನಿಲ್ಲುವ ಗಾಡಿಯಲ್ಲಿ ತೊಂದರೆಯೂ ಒಂದಕ್ಕಿಂತ ಹೆಚ್ಚು ಇರಬಹುದು. ಇನ್ನೊಂದು ಮಾತು. ಈ ತರದ ಗಾಡಿಯಲ್ಲಿ ಎಂಜಿನ್ ನಿಂತರೆ ಹೆಡ್‌ಲೈಟೂ ಆರುತ್ತದೆ. ರಾತ್ರಿ, ಮಂಜು, ತಿರುವಿನಲ್ಲಿ ಹಿಂದೆ ಲಾರಿ. ಇದನ್ನು ಸಣ್ಣ ಕಂಪ್ಲೇಂಟ್ ಎಂದು ಬಿಡುವ ಹಾಗಿಲ್ಲ.

ಜೂನ್ 17: ಒಣ ಅಳತೆ

ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆಂದು ಒಣಗಿದ್ದಾಗಲೇ ಮೀಟರ್ ಹಿಡಿದು ಬರೆದುಕೊಂಡದ್ದು: ಪ್ಲಗ್ ಗ್ಯಾಪ್ 0.7 ಮಿ.ಮೀ. ಪ್ಲಗ್ ಕ್ಯಾಪ್ 5.1 ಕಿಲೋ ಓಮ್ (ಇದು 5 ಕಿಲೋ ಓಮ್ ಕ್ಯಾಪ್). ಎಚ್‌ಟಿ ಕಾಯಿಲ್ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್) ಪ್ರೈಮರಿ 0.4 ಓಮ್, ಕ್ಯಾಪ್ ಬಿಚ್ಚಿ ನೋಡಿದರೆ ಸೆಕೆಂಡರಿ 3.6 ಕಿಲೋ ಓಮ್. ಮ್ಯಾಗ್ನೆಟ್ಟಿನ ಎಕ್ಸೈಟರ್ ಕಾಯಿಲ್ (ಸಿಡಿಐಗೆ ಕರೆಂಟು ಕೊಡುವುದು) 210, ಪಲ್ಸರ್ ಕಾಯಿಲ್ (ಕಿಡಿಯ ಹೊತ್ತು ತಿಳಿಸುವುದು) 120 ಓಮ್. ಎಲ್ಲಿಯೂ ತಪ್ಪಿಲ್ಲ.

ಕೊನೆಗೆ ಕಪ್ಪು-ಬಿಳಿ ವೈರ್. ಎಸಿ ಸಿಡಿಐ ಗಾಡಿಯಲ್ಲಿ ಕೀ ಆಫ್ ಮಾಡುವುದೆಂದರೆ ಕರೆಂಟು ಕಡಿಯುವುದಲ್ಲ, ಈ ವೈರನ್ನು ಗಾಡಿಯ ಲೋಹದ ಮೈಗೆ (ಬಾಡಿ) ಅರ್ತ್ ಮಾಡುವುದು. ಅರ್ತ್ ಆದ ಕ್ಷಣ ಸಿಡಿಐ ಚಾರ್ಜ್ ಆಗದೆ ಕಿಡಿ ನಿಲ್ಲುತ್ತದೆ. ಹಾಗಾಗಿ ಕೀ ಆನ್ ಇದ್ದಾಗ ಈ ವೈರಿಗೂ ಬಾಡಿಗೂ ನಡುವೆ ಮೀಟರ್ ಏನನ್ನೂ ತೋರಿಸಬಾರದು. ಸಿಡಿಐ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಜೋಡಣೆ) ಬಿಚ್ಚಿ ನೋಡಿದೆವು: ಆನ್‌ನಲ್ಲಿ ಓಪನ್ (ಸಂಪರ್ಕವೇ ಇಲ್ಲ), ಆಫ್‌ನಲ್ಲಿ ಸೊನ್ನೆ. ಇದೂ ಸರಿ.

ಜೂನ್ 18: ನೀರು ಹೊಡೆದು ನೋಡಿದ್ದು

ಒಂದು ಲೀಟರಿನ ಕೈ ಸ್ಪ್ರೇ ಬಾಟಲಿ ಸಾಕು. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಸ್ಪ್ರೇಯರ್ ಮಾತ್ರ ತರಬೇಡಿ. ಎಷ್ಟು ತೊಳೆದರೂ ಅದರಲ್ಲಿ ಮೈಲುತುತ್ತದ ಅಂಶ ಉಳಿದಿರುತ್ತದೆ. ಆ ನೀರು ಕರೆಂಟನ್ನು ಮಾಮೂಲಿಗಿಂತ ಹೆಚ್ಚು ಹಾಯಿಸುತ್ತದೆ, ಅಲ್ಯೂಮಿನಿಯಂ ಭಾಗಗಳನ್ನೂ ತಿನ್ನುತ್ತದೆ. ನಲ್ಲಿ ನೀರಿಗಿಂತ ರಸ್ತೆಯ ಗುಂಡಿಯ ಕೆಂಪು ನೀರನ್ನೇ ಬಟ್ಟೆಯಲ್ಲಿ ಸೋಸಿ ತುಂಬಿಸಿದರೆ ಒಳ್ಳೆಯದು. ಗಾಡಿಯನ್ನು ನಿಲ್ಲಿಸುವುದು ಆ ನೀರೇ.

ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗ, ಒಂದೊಂದಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಇಳಿದು ಎಲ್ಲವನ್ನೂ ತೋಯಿಸಿ ಯಾವುದರಿಂದ ನಿಂತಿತೆಂದು ಗೊತ್ತಾಗುವುದಿಲ್ಲ. ಮ್ಯಾಗ್ನೆಟ್ ಕವರಿನಿಂದ ವೈರ್ ಹೊರಬರುವ ರಬ್ಬರ್: ಏನೂ ಇಲ್ಲ. ಕಾರ್ಬುರೇಟರ್ ಸುತ್ತ: ಏನೂ ಇಲ್ಲ. ಪ್ಲಗ್ ಕ್ಯಾಪ್: ಐಡಲ್ ಒಂದು ಕ್ಷಣ ಅಲುಗಿ ಮತ್ತೆ ಸರಿಯಾಯಿತು.

ಅಲುಗಿದ್ದೇ ಸುಳಿವು. ಐಡಲ್‌ನಲ್ಲಿ ಸಿಲಿಂಡರಿನೊಳಗೆ ಒತ್ತಡ ಕಡಿಮೆ, ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಏರು ಹತ್ತುವಾಗ ಪೂರ್ತಿ ರೇಸ್ ಕೊಟ್ಟರೆ ಒತ್ತಡ ಏರುತ್ತದೆ, ಬೇಕಾದ ವೋಲ್ಟೇಜೂ ಏರುತ್ತದೆ. ಆಗ ಕರೆಂಟು ಪ್ಲಗ್ಗಿನ ಗ್ಯಾಪ್ ಹಾರುವ ಬದಲು ಒದ್ದೆಯಾದ ಕ್ಯಾಪಿನ ಮೈ ಮೇಲಿಂದ ಎಂಜಿನ್ ಹೆಡ್ಡಿಗೆ ಜಾರುತ್ತದೆ. ಸ್ಟ್ಯಾಂಡ್ ಮೇಲೆ ಲೋಡ್ ಕೊಡಲಾಗದು, ಅದಕ್ಕೊಂದು ಉಪಾಯವಿದೆ: ಹಳೆಯ ಪ್ಲಗ್ಗಿನ ಗ್ಯಾಪನ್ನು 1 ಮಿ.ಮೀ.ಗೆ ಅಗಲಿಸಿ ಹಾಕುವುದು. ಪರೀಕ್ಷೆ ಮುಗಿದ ಕೂಡಲೇ ತೆಗೆಯಬೇಕು.

ಅಗಲ ಗ್ಯಾಪಿನ ಪ್ಲಗ್ ಹಾಕಿ, ಶೆಡ್ಡಿನ ಲೈಟ್ ಆರಿಸಿ, ಮತ್ತೆ ನೀರು ಹೊಡೆದೆವು. ಕತ್ತಲಲ್ಲಿ ಕ್ಯಾಪಿನ ಕೆಳಗಿನ ರಬ್ಬರ್ ಅಂಚಿನಿಂದ ಫಿನ್ನಿಗೆ ಕೂದಲಿನಷ್ಟು ತೆಳ್ಳಗಿನ ನೀಲಿ ಗೆರೆ, ಒಂದೊಂದು ಹಾರಿಗೂ ಚಟ್ ಎಂಬ ಸದ್ದು. ಎಂಜಿನ್ ಮಿಸ್ ಹೊಡೆಯತೊಡಗಿತು. ಈ ಹೊತ್ತಿಗೆ ಕ್ಯಾಪ್ ಮುಟ್ಟಬಾರದು. ಕ್ಯಾಪ್ ಕಿತ್ತಿಟ್ಟು ಕಿಕ್ ಹೊಡೆಯಲೂಬಾರದು. ಹೋಗಲು ದಾರಿಯಿಲ್ಲದ ಕರೆಂಟು ಎಚ್‌ಟಿ ಕಾಯಿಲನ್ನೇ ಒಳಗಿಂದ ಸುಡುತ್ತದೆ.

ಬಿಚ್ಚಿ ನೋಡಿದರೆ ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಒಳಗೆ ಪೆನ್ಸಿಲಿನಲ್ಲಿ ಎಳೆದಂತೆ ಕಪ್ಪು ಗೆರೆ. ಕರೆಂಟು ಹಾದು ಹಾದು ಸುಟ್ಟ ಇಂಗಾಲದ ದಾರಿ ಅದು. ಒಮ್ಮೆ ಬಿದ್ದರೆ ಒರೆಸಿದರೂ ಹೋಗದು, ಕ್ಯಾಪ್ ಬದಲಾಯಿಸಲೇಬೇಕು. ಎಚ್‌ಟಿ ವೈರಿನ ತುದಿಯ ತಾಮ್ರವೂ ಹಸಿರುಗಟ್ಟಿತ್ತು. 6 ಮಿ.ಮೀ. ಕತ್ತರಿಸಿ ಹೊಳೆಯುವ ತಾಮ್ರ ಸಿಕ್ಕ ಮೇಲೆ ಹೊಸ 5 ಕಿಲೋ ಓಮ್ ಕ್ಯಾಪನ್ನು ತಿರುಗಿಸಿ ಕೂರಿಸಿದೆವು. ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹಾಯಿಸದ ಗ್ರೀಸ್) ರಬ್ಬರ್ ಅಂಚುಗಳಿಗೆ ಮಾತ್ರ, ಲೋಹಕ್ಕಲ್ಲ. ಮತ್ತೆ ಹತ್ತು ನಿಮಿಷ ನೀರು. ಕತ್ತಲಲ್ಲಿ ಏನೂ ಕಾಣಲಿಲ್ಲ.

ಜೂನ್ 21

ಮಳೆಯಲ್ಲೇ ರೋಡ್ ಟೆಸ್ಟ್. ಏರಿನಲ್ಲಿ ಮಿಸ್ ಇಲ್ಲ, ಎಳೆತ ಚೆನ್ನಾಗಿದೆ. ಸುಮಾರು 12 ಕಿ.ಮೀ. ಆದ ಮೇಲೆ ಎಡ ತಿರುವಿನಲ್ಲಿ ಟಪ್. ಮುನ್ಸೂಚನೆಯೇ ಇಲ್ಲ. ಅಲ್ಲೇ ಕ್ಯಾಪಿಗೆ ಹಳೆಯ ಪ್ಲಗ್ ಸಿಕ್ಕಿಸಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಇಲ್ಲವೇ ಇಲ್ಲ. ಒಂದನೆಯ ತೊಂದರೆ ಹೋಗಿದೆ, ಎರಡನೆಯದು ಉಳಿದಿದೆ.

ಜೂನ್ 22: ಕಪ್ಪು-ಬಿಳಿ ವೈರ್

ಶೆಡ್ಡಿನಲ್ಲಿ ಸಿಡಿಐ ಕಪ್ಲರ್ ಬಿಚ್ಚಿ, ಕೀ ಆನ್ ಇಟ್ಟು, ಮೀಟರನ್ನು ಕಪ್ಪು-ಬಿಳಿ ವೈರಿಗೂ ಬಾಡಿಗೂ ಕ್ಲಿಪ್ ಹಾಕಿ ಬಿಟ್ಟೆವು. ಇಗ್ನಿಷನ್ ಸ್ವಿಚ್ಚಿನ ಮೇಲೆ ಸ್ಪ್ರೇ. ನಾಲ್ಕು ನಿಮಿಷ ಓಪನ್. ಐದನೆಯ ನಿಮಿಷಕ್ಕೆ 40 ಕಿಲೋ ಓಮ್, ಆಮೇಲೆ 3 ಕಿಲೋ ಓಮ್. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದರೆ 400 ಓಮ್. ಬಲಕ್ಕೆ ತಂದರೆ ಮತ್ತೆ ಕಿಲೋ ಓಮ್. ಎಡ ತಿರುವಿನಲ್ಲೇ ನಿಂತದ್ದು ಯಾಕೆಂದು ಇಲ್ಲಿ ಗೊತ್ತಾಯಿತು. ಮೀಟರ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ. ಎಂಜಿನ್ ಓಡುವಾಗ ಈ ವೈರಿನಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ, ಸೋರಿಕೆ ಇದಕ್ಕಿಂತ ಜೋರು. ಆದ್ದರಿಂದ ಮೀಟರಿನಲ್ಲಿ ಓಪನ್ ಬಂದ ಮಾತ್ರಕ್ಕೆ ವೈರ್ ಸರಿಯಿದೆ ಎನ್ನುವಂತಿಲ್ಲ.

ಖಚಿತಪಡಿಸಲು ಕಪ್ಪು-ಬಿಳಿ ವೈರನ್ನು ಸಿಡಿಐ ಬದಿಯಲ್ಲೇ ಬಿಡಿಸಿ ಎಂಜಿನ್ ಓಡಿಸಿ, ಸ್ವಿಚ್ಚಿಗೆ ಬಾಟಲಿ ಪೂರ್ತಿ ನೀರು ಹೊಡೆದೆವು. ನಿಲ್ಲಲಿಲ್ಲ. ಹೀಗೆ ಮಾಡಿದರೆ ಕೀಯಿಂದ ಗಾಡಿ ಆಫ್ ಆಗದು ಎಂಬುದು ನೆನಪಿರಲಿ. ನಿಲ್ಲಿಸಲು ಸ್ಟ್ಯಾಂಡ್ ತೆಗೆದು, ಕೊನೆಯ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಹಿಡಿದು ಕ್ಲಚ್ ಬಿಡಬೇಕು.

ಹೆಡ್‌ಲೈಟ್ ಬಿಚ್ಚಿದೆವು. ಸ್ವಿಚ್ಚಿನ ವೈರುಗಳು ಸ್ಲೀವಿನೊಳಗೆ ಇಳಿದು ಹೆಡ್‌ಲೈಟ್ ಬಾಕ್ಸಿನ ಕಪ್ಲರಿಗೆ ಬರುತ್ತವೆ. ನೀರೂ ಅದೇ ಸ್ಲೀವಿನಲ್ಲಿ ಇಳಿದು ಅಲ್ಲೇ ನಿಲ್ಲುತ್ತದೆ. ಅದರ ಪಕ್ಕ ಯಾವಾಗಲೋ ಹಾರ್ನ್ ಬದಲಾಯಿಸಿದಾಗ ಕಪ್ಪು-ಬಿಳಿ ವೈರ್ ಕೆರೆದು ಸುತ್ತಿದ ಇನ್ಸುಲೇಷನ್ ಟೇಪು. ಅಂಟು ಕರಗಿ ಟೇಪು ಜಾರಿ ತಾಮ್ರ ಬರಿಯಾಗಿದೆ. ಹ್ಯಾಂಡಲ್ ತಿರುಗಿದಾಗ ಅದು ಬಾಕ್ಸಿನ ತಗಡಿಗೆ ಒತ್ತುತ್ತಿತ್ತು. ಒಣಗಿದಾಗ ನಡುವೆ ಒಂದು ಪದರ ತುಕ್ಕು ಅಡ್ಡ ಇತ್ತು, ಒದ್ದೆಯಾದರೆ ಅದೇ ತುಕ್ಕು ಸೇತುವೆ.

ಮಾಡಿದ್ದು: ಜಾಯಿಂಟ್ ಕತ್ತರಿಸಿ ಸೋಲ್ಡರ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿದ್ದು. ಕಪ್ಲರಿನ ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಒಣಗಿಸಿ, ರಬ್ಬರ್ ಬೂಟಿನೊಳಗೆ ಗ್ರೀಸ್. ವೈರುಗಳು ಕಪ್ಲರಿಗೆ ಸೇರುವ ಮೊದಲು ಒಂದು ಸುತ್ತು ಕೆಳಗಿಳಿದು ಮೇಲೇರುವಂತೆ ಕಟ್ಟಿದ್ದು. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ, ಪಿನ್ನಿನ ತನಕ ಹೋಗದು. ಬಾಕ್ಸಿನ ಅಡಿಗೆ 4 ಮಿ.ಮೀ. ತೂತು ಒಂದು. ವಿನೆಗರ್ ವಾಸನೆಯ ಸಿಲಿಕೋನ್ ಸೀಲೆಂಟ್ ತುಂಬಿಸುವುದು ಬೇಡ. ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ, ಮುಂದಿನ ಮಳೆಗಾಲಕ್ಕೆ ಹೊಸ ರೋಗ.

ಮತ್ತೆ ಮೀಟರ್ ಕ್ಲಿಪ್ ಹಾಕಿ ಇಪ್ಪತ್ತು ನಿಮಿಷ ನೀರು, ಹ್ಯಾಂಡಲ್ ಎರಡೂ ಕಡೆ: ಓಪನ್.

ಜೂನ್ 27

ಟಪ್ ಎಂದು ನಿಲ್ಲುವುದು ಹೋಗಿದೆ. ನಾಲ್ಕು ದಿನ ಸರಿ, ಐದನೆಯ ದಿನ ಬೆಳಗ್ಗೆ ಹೊರಟ ಸ್ವಲ್ಪದರಲ್ಲೇ ಮಿಸ್ ಹೊಡೆದು ನಿಂತಿತು, ಚೋಕ್ ಎಳೆದರೆ ಎದ್ದಿತು. ಇದು ಪೆಟ್ರೋಲ್.

ಕಾರ್ಬುರೇಟರ್ ಬೌಲಿನ (ಪೆಟ್ರೋಲ್ ನಿಲ್ಲುವ ತಳದ ಬಟ್ಟಲು) ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಇಳಿಸಿದರೆ ತಳದಲ್ಲಿ ಪಾದರಸದ ಹಾಗೆ ಉರುಳುವ ನೀರಿನ ಗುಂಡುಗಳು. ಟ್ಯಾಂಕಿನಿಂದ ರಿಸರ್ವಿನಲ್ಲಿ ಇಟ್ಟು ಒಂದು ಲೀಟರ್ ಇಳಿಸಿ ಒಂದು ಗಂಟೆ ಅಲುಗಿಸದೆ ಇಟ್ಟೆವು. ಕೆಳಗೆ ಮಸುಕಾದ ಒಂದು ಪದರ. ಈಗಿನ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಸ್ವಲ್ಪ ನೀರು ಸೇರಿದರೆ ಎಥೆನಾಲ್ ಅದನ್ನು ಹೀರಿ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥೆನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಹಾಗಾಗಿ ಆ ಪದರ ಒಳಗೆ ಹೋದ ನೀರಿಗಿಂತ ದಪ್ಪವಾಗಿರುತ್ತದೆ, ಮೊದಲು ಕಾರ್ಬುರೇಟರಿಗೆ ಇಳಿಯುವುದೂ ಅದೇ.

ನೀರು ಬಂದ ದಾರಿ ಟ್ಯಾಂಕ್ ಮುಚ್ಚಳ. ಅದರ ಸುತ್ತಿನ ತಗ್ಗಿನಲ್ಲಿ ನಿಲ್ಲುವ ಮಳೆನೀರು ಹೊರಹೋಗಲು ಒಂದು ಸಣ್ಣ ತೂತು, ಅದಕ್ಕೆ ಕೆಳಗಿನ ತನಕ ಪೈಪು. ತೂತಿನಲ್ಲಿ ತುಕ್ಕು, ಪಾಚಿ, ಒಂದು ಸಿಲ್ವರ್ ಓಕ್ ಎಲೆಯ ತುಂಡು. ಮುಚ್ಚಳದ ರಬ್ಬರ್ ಚಪ್ಪಟೆ. ಗಾಡಿ ರಾತ್ರಿ ನಿಲ್ಲುತ್ತಿದ್ದದ್ದು ಮಾಡಿನ ಇಳಿನೀರು ಬೀಳುವ ಜಾಗದಲ್ಲಿ, ಸರಿಯಾಗಿ ಟ್ಯಾಂಕಿನ ಮೇಲೆ. ಕ್ಲಚ್ ಕೇಬಲಿನ ಒಂದು ಎಳೆ ತೂರಿಸಿ ತೂತು ಬಿಡಿಸಿ, ರಬ್ಬರ್ ಬದಲಾಯಿಸಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಿದೆವು. ನಿಲ್ಲಿಸುವ ಜಾಗವೂ ಎರಡು ಅಡಿ ಒಳಗೆ ಸರಿಯಿತು.

ಬೌಲಿನ ವೆಂಟ್ ಪೈಪನ್ನೂ ಬಿಡಲಿಲ್ಲ. ಬೌಲಿಗೆ ಗಾಳಿ ಸಿಗದಿದ್ದರೆ ಪೆಟ್ರೋಲ್ ಜೆಟ್ಟಿಗೆ ಏರುವುದಿಲ್ಲ. ಈ ಪೈಪಿನ ತುದಿ ಸ್ವಿಂಗ್ ಆರ್ಮ್ ಹತ್ತಿರ ಇಳಿದು ಕೆಸರಿನಿಂದ ಅರ್ಧ ಮುಚ್ಚಿತ್ತು. ರಸ್ತೆ ಮೇಲೆ ನೀರು ಹರಿಯುವಾಗ ದಾಟಿದರೆ ತುದಿ ಮುಳುಗುತ್ತದೆ. ನಡುವೆ ಕತ್ತರಿಸಿ ತೋಟದ ಡ್ರಿಪ್ ಪೈಪಿನ ಸಣ್ಣ ಟಿ ಜಾಯಿಂಟ್ ಸೇರಿಸಿ, ಇನ್ನೊಂದು ಕವಲನ್ನು ಟ್ಯಾಂಕ್ ಕೆಳಗೆ ಏರಿಸಿ, ತುದಿ ಕೆಳಮುಖವಾಗಿ ಬಗ್ಗಿಸಿ ಕಟ್ಟಿದೆವು. ಓವರ್‌ಫ್ಲೋ ಪೈಪ್ ಬೇರೆಯದೇ ಇದೆ, ಅದನ್ನು ಮುಟ್ಟಬಾರದು. ಏರ್ ಫಿಲ್ಟರ್ ಒಣಗಿತ್ತು, ಬಾಕ್ಸಿನ ಡ್ರೈನ್ ಸರಿ.

ಜುಲೈ 20

ಕಕ್ಕಡ (ಕೊಡವರ ಜೋರು ಮಳೆಯ ತಿಂಗಳು) ಹಿಡಿದಿದೆ. ಭಾಗಮಂಡಲಕ್ಕೆ ಹದಿನಾಲ್ಕು ಸಲ, ಮಾಕುಟ್ಟ ಘಾಟಿಗೆ ಒಮ್ಮೆ. ಒಂದು ಸಲವೂ ನಿಂತಿಲ್ಲ. ಬೌಲ್ ಮತ್ತೆ ಇಳಿಸಿ ನೋಡಿದರೆ ಗಾಜಿನಲ್ಲಿ ಗುಂಡಿಲ್ಲ. ಕಪ್ಪು-ಬಿಳಿ ವೈರ್ ಓಪನ್. ಎಚ್‌ಟಿ ವೈರ್ ಕಾಯಿಲಿಗೆ ಸೇರುವಲ್ಲಿ ಮಾತ್ರ ಉಗುರಿಗೆ ಸಿಗುವಷ್ಟು ಸಣ್ಣ ಬಿರುಕು ಕಂಡಿದೆ. ಕತ್ತಲಲ್ಲಿ ನೀರು ಹೊಡೆದರೆ ಇನ್ನೂ ಗೆರೆ ಹಾರುತ್ತಿಲ್ಲ. ಅಲ್ಲಿಗೂ ಗ್ರೀಸ್ ಹಚ್ಚಿ ಹೀಟ್ ಶ್ರಿಂಕ್ ಹಾಕಿದೆ. ಕೈಲ್ ಪೊಳ್ದ್ (ಸೆಪ್ಟೆಂಬರಿನ ಕೊಡವ ಹಬ್ಬ) ಕಳೆದ ಮೇಲೆ ಲೈಟ್ ಆರಿಸಿ ಅದೊಂದೇ ಜಾಗಕ್ಕೆ ಮತ್ತೆ ಸ್ಪ್ರೇ. ಗೆರೆ ಕಂಡರೆ ಕಾಯಿಲ್ ಬದಲು.