ಬಿಪಿ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆಯೇ?

ಟೆಲ್ಮಿಸಾರ್ಟನ್ ಎಂಬ ಬಿಪಿ ಮಾತ್ರೆ ಬರೆದುಕೊಟ್ಟ ಕೂಡಲೇ ಈ ಪ್ರಶ್ನೆ ಬರುತ್ತದೆ. ಕೇಳುವವರ ಬಳಿ ಸಾಕ್ಷಿಯೂ ಸಿದ್ಧವಿರುತ್ತದೆ: "ನಮ್ಮ ಸೋದರಮಾವ ವರ್ಷಗಟ್ಟಲೆ ಬಿಪಿ ಮಾತ್ರೆ ನುಂಗಿದರು ಡಾಕ್ಟರೇ, ಈಗ ಡಯಾಲಿಸಿಸ್." ಮಾತ್ರೆಯನ್ನು ದೂರುವುದು ಸುಲಭ. ಹೆಚ್ಚಿನವರಲ್ಲಿ ಕಿಡ್ನಿ ಕೆಡಿಸುವುದು ಸಕ್ಕರೆ ಕಾಯಿಲೆ ಮತ್ತು ಹತೋಟಿಗೆ ಬಾರದ ಬಿಪಿ. ಆ ಬಿಪಿಯನ್ನು ಏರಿಸುವುದರಲ್ಲಿ ಕಿಡ್ನಿಯ ಕೈವಾಡವೂ ಇರುತ್ತದೆ.

ಕಿಡ್ನಿ ರಕ್ತ ಸೋಸುವುದಷ್ಟೇ ಅಲ್ಲ, ಹಾರ್ಮೋನಿನ ಆಟವನ್ನೂ ಆಡಿಸುತ್ತದೆ. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಮೊಲದ ಕಿಡ್ನಿಯ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವೇ ರೆನಿನ್. ತನಗೆ ರಕ್ತ ಸಾಲುತ್ತಿಲ್ಲವೆಂದು ಕಂಡರೆ ಕಿಡ್ನಿ ಇದನ್ನು ಬಿಡುತ್ತದೆ. ಅದರಿಂದ ಆಂಜಿಯೊಟೆನ್ಸಿನ್ 2 ಎಂಬ ಹಾರ್ಮೋನು ಹುಟ್ಟಿ ರಕ್ತನಾಳಗಳನ್ನು ಬಿಗಿಯುತ್ತದೆ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರೋನ್ ಎಂಬ ಇನ್ನೊಂದು ಹಾರ್ಮೋನು ಹೊರಡಿಸಿ ಉಪ್ಪನ್ನೂ ನೀರನ್ನೂ ಮೈಯಲ್ಲೇ ಉಳಿಸುತ್ತದೆ.

ವಾಂತಿಭೇದಿಯಾದಾಗ, ರಕ್ತ ಸುರಿದಾಗ ಜೀವ ಉಳಿಸುವ ಏರ್ಪಾಡಿದು. ರೋಗಪೀಡಿತ ಕಿಡ್ನಿಯಲ್ಲಿ ಇದೇ ಎಡೆಬಿಡದೆ ನಡೆದರೆ ಮುಳುವಾಗುತ್ತದೆ. ಪ್ರತಿ ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುಗಗಳಿವೆ. ಒಂದೊಂದಕ್ಕೂ ರಕ್ತ ಒಳಬರುವ ನಾಳ ಒಂದು, ಹೊರಹೋಗುವ ನಾಳ ಒಂದು. ಆಂಜಿಯೊಟೆನ್ಸಿನ್ ಹೊರದಾರಿಯನ್ನು ಹೆಚ್ಚು ಬಿಗಿಯುತ್ತದೆ. ತೂಬು ಮುಚ್ಚಿದ ಕೆರೆಯಂತೆ ಒಳಗೆ ಒತ್ತಡ ಏರುತ್ತದೆ, ಸೋಸುಗದ ಗೋಡೆ ಸವೆದು ಮೂತ್ರದಲ್ಲಿ ಪ್ರೋಟೀನು ಸೋರುತ್ತದೆ. ಕೆಲವು ಸೋಸುಗಗಳು ಸತ್ತರೆ ಅವುಗಳ ಹೊರೆ ಉಳಿದವುಗಳ ಮೇಲೆ ಬಿದ್ದು ಅವೂ ಸವೆಯುತ್ತವೆ.

ರಾಮಿಪ್ರಿಲ್ ಎಂಬ ಬಿಪಿ ಮಾತ್ರೆ ಈ ಆಂಜಿಯೊಟೆನ್ಸಿನ್ ಹುಟ್ಟುವುದನ್ನೇ ತಗ್ಗಿಸುತ್ತದೆ. ಲೋಸಾರ್ಟನ್, ಟೆಲ್ಮಿಸಾರ್ಟನ್ ಅದರ ಕೆಲಸಕ್ಕೆ ತಡೆಯೊಡ್ಡುತ್ತವೆ. ಹೊರದಾರಿ ಸಡಿಲಾಗಿ ಒತ್ತಡ ಇಳಿದಾಗ ಸೋಸುವಿಕೆ ತುಸು ತಗ್ಗಿ, ರಕ್ತದಲ್ಲಿ 1.2 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) 1.4 ಆಗಬಹುದು. ಪುಕಾರು ಹುಟ್ಟುವುದು ಇಲ್ಲಿಯೇ. ವರದಿಯಲ್ಲಿ ದಪ್ಪಕ್ಷರದ ಅಂಕಿ ಕಂಡು ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿ ಬಂದವರನ್ನು ನೋಡಿದ್ದೇನೆ. ಶೇಕಡಾ 30ರೊಳಗಿನ ಏರಿಕೆ ಅಲ್ಲಿಗೇ ನಿಂತರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಿಲ್ಲ. ಅದಕ್ಕಿಂತ ಹೆಚ್ಚಿದರೆ ಕಿಡ್ನಿಯ ರಕ್ತನಾಳವೇ ಕಿರಿದಾಗಿದೆಯೇ ಎಂದು ನೋಡಬೇಕಾಗುತ್ತದೆ.

ಹಾಗೆಂದು ಇದು ಪೆಪ್ಪರಮಿಂಟೂ ಅಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು; ಅದೇ ಹೆಚ್ಚಾಗಿರುವುದರಿಂದ ಕಿಡ್ನಿ ಸೋತವರು ತಂಪೆಂದು ದಿನವೂ ಎಳನೀರು ಕುಡಿಯುವುದು, 'ಲೋ ಸೋಡಿಯಂ' ಉಪ್ಪು ಬಳಸುವುದು ಅಪಾಯ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಾವೇ ಕೊಂಡು ನುಂಗುವ ಡೈಕ್ಲೋಫೆನಾಕ್ ಇದರ ಜೊತೆ ಸೇರಿದರೆ ಕಿಡ್ನಿಗೆ ನಿಜವಾದ ಪೆಟ್ಟು. ಗರ್ಭಿಣಿಯರಿಗೆ ಈ ಗುಂಪಿನ ಮಾತ್ರೆ ಸಲ್ಲದು. ವಾಂತಿಭೇದಿ ಹಿಡಿದ ದಿನ ವೈದ್ಯರಿಗೆ ಫೋನ್ ಮಾಡಿ, ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಿ. ಮಾತ್ರೆ ಶುರುವಾದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ಪರೀಕ್ಷೆ ಮಾಡಿಸಿ, ಹಳೆಯ ವರದಿಯನ್ನೂ ಜೊತೆಗೆ ತನ್ನಿ.