ಊರ ಶಾಲೆ ಮತ್ತೆ ಕಟ್ಟುವವರಿಗೆ: ಚಂದಾ ಪುಸ್ತಕಕ್ಕಿಂತ ಮೊದಲು ಪಹಣಿ ಮತ್ತು ಮಣ್ಣು

ಚಿತ್ರದುರ್ಗ, ದಾವಣಗೆರೆ ಕಡೆ ಊರವರೇ ಚಂದಾ ಎತ್ತಿ ಕಟ್ಟಲು ಹೊರಟ ಶಾಲೆ ಅರ್ಧಕ್ಕೆ ನಿಂತರೆ ಎಲ್ಲರೂ ದುಡ್ಡು ಸಾಲಲಿಲ್ಲ ಅನ್ನುತ್ತಾರೆ. ವಿಚಾರಿಸಿ ನೋಡಿದರೆ ದುಡ್ಡು ಬಂದ ಹೊತ್ತಿಗೆ ಜಾಗದ ಕಾಗದ ಸರಿ ಇರಲಿಲ್ಲ, ಇಲ್ಲವೇ ಮಣ್ಣು ನೋಡದೆ ಬುನಾದಿ ತೆಗೆದಿದ್ದರು ಅನ್ನುವುದು ಹೊರಬೀಳುತ್ತದೆ. ಬಡ ಊರಿನಲ್ಲಿ ಒಮ್ಮೆ ಕೆಟ್ಟ ಕೆಲಸಕ್ಕೆ ಎರಡನೇ ಸಲ ಚಂದಾ ಹುಟ್ಟುವುದಿಲ್ಲ. ಅದಕ್ಕೇ ಈ ಬರಹ.

ಮೊದಲು ಪಹಣಿ ತೆಗೆಸಿ. ಹಟ್ಟಿ, ತಾಂಡಾ, ಕಾಲೊನಿಗಳ ಎಷ್ಟೋ ಶಾಲೆಗಳು ಯಾರೋ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದ ಮೇಲಿವೆ. ಪಹಣಿಯ 9ನೇ ಕಲಂನಲ್ಲಿ ಇವತ್ತಿಗೂ ಆ ಹಿರಿಯರ ಹೆಸರೇ ಇರುತ್ತದೆ. ಬುನಾದಿ ತೆಗೆಯುವ ದಿನ ಅವರ ಮೊಮ್ಮಕ್ಕಳಲ್ಲಿ ಒಬ್ಬರು ಬಂದು ತಕರಾರು ತೆಗೆದರೆ ಕೆಲಸ ಅಲ್ಲಿಗೇ ನಿಂತಿತು. ವಾರಸುದಾರರನ್ನೆಲ್ಲ ಕೂರಿಸಿ, ಒಪ್ಪಿಸಿ, ಶಿಕ್ಷಣ ಇಲಾಖೆಯ ಹೆಸರಿಗೆ ದಾನಪತ್ರ ನೋಂದಣಿ ಮಾಡಿಸಿ. ಗ್ರಾಮಠಾಣಾ (ಊರೊಳಗಿನ ವಾಸದ) ಜಾಗವಾದರೆ ಪಂಚಾಯಿತಿಯಲ್ಲಿ ಇ-ಸ್ವತ್ತು, ಅಂದರೆ ಆಸ್ತಿಯ ಗಣಕೀಕೃತ ದಾಖಲೆ, ಮಾಡಿಸಿ. ಈ ಓಡಾಟಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಹಿಡಿಯಲಿ.

ಹಳೆಯ ಕೋಣೆ ಕೆಡವುವುದಕ್ಕೂ ಕ್ರಮ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಆಗಬೇಕು, ಕಟ್ಟಡ ಶಿಥಿಲವಾಗಿದೆ ಎಂದು ಸರ್ಕಾರಿ ಎಂಜಿನಿಯರ್ ಬರೆದುಕೊಡಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ ಇಲಾಖೆಯ ಅನುಮತಿ ಬರಬೇಕು. ಕೆಡವಿದ ತೊಲೆ, ಹೆಂಚು, ಕಬ್ಬಿಣ ಎಲ್ಲವೂ ಸರ್ಕಾರದ ಆಸ್ತಿ. ಒಂದು ಕಿಟಕಿ ಯಾರದೋ ಮನೆಗೆ ಹೋದರೂ ಊರಲ್ಲಿ ಮಾತು ಹುಟ್ಟುತ್ತದೆ, ಚಂದಾ ಅಷ್ಟಕ್ಕೇ ಕುಸಿಯುತ್ತದೆ.

ಅಂದಹಾಗೆ ಎಲ್ಲವನ್ನೂ ಕೆಡವಲೇಬೇಕು ಅನ್ನುವ ಆತುರ ನಮಗೆ ಸರಿ ಕಾಣುವುದಿಲ್ಲ. ಸೈಜುಗಲ್ಲಿನ ಗೋಡೆ, ಮಂಗಳೂರು ಹೆಂಚಿನ ಚಾವಣಿ ಇರುವ ಹಳೆಯ ಕೋಣೆ ಬೇಸಿಗೆಯಲ್ಲಿ ಆರ್‌ಸಿಸಿಗಿಂತ ತಂಪು. ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಗೆದ್ದಲು ತಿಂದಿದೆ, ತೊಲೆ ಬದಲಿಸಬೇಕು. ಗೋಡೆ ನೆಟ್ಟಗಿದ್ದರೆ ಹೆಂಚು, ರೀಪು ಬದಲಿಸಿ, ಕಲ್ಲಿನ ಸಂದಿಗೆ ಗಾರೆ ತುಂಬಿಸಿ ಪಾಯಿಂಟಿಂಗ್ ಮಾಡಿಸಿದರೆ ಕೋಣೆ ಉಳಿಯುತ್ತದೆ, ಹೊಸದಕ್ಕೆ ಆಗುವ ಖರ್ಚಿನ ಸಣ್ಣ ಪಾಲಿನಲ್ಲಿ. ಆರ್‌ಸಿಸಿ ಕೋಣೆಯಾದರೆ ಸುತ್ತಿಗೆಯಿಂದ ಚಾವಣಿಯ ಅಡಿಗೆ ಮೆಲ್ಲಗೆ ಬಡಿಯಿರಿ. ಟೊಳ್ಳು ಸದ್ದು ಬಂದರೆ, ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟಿನ ಪದರ ಕಳಚುತ್ತಿದೆ ಎಂದರ್ಥ. ಅದರ ಮೇಲೆ ಗಾರೆ ಬಳಿದು ಸುಣ್ಣ ಹೊಡೆಸುವುದು ಮಕ್ಕಳ ತಲೆಯ ಮೇಲೆ ಅಪಾಯವನ್ನು ಮುಚ್ಚಿಡುವ ಕೆಲಸ. ಅಂಥ ಕೋಣೆಗೆ ಮೊದಲು ಬೀಗ ಹಾಕಿ, ಆಮೇಲೆ ಅರ್ಜಿ ಬರೆಯಿರಿ.

ಇನ್ನು ಮಣ್ಣು. ಮೊಳಕಾಲ್ಮೂರು, ಚಳ್ಳಕೆರೆಯ ಬಹುಭಾಗ ಮಸಾರಿ (ಕೆಂಪು ಮಣ್ಣಿನ) ನೆಲ, ಮೂರ್ನಾಲ್ಕು ಅಡಿಗೆ ಗಟ್ಟಿ ಗರಸು (ಕಲ್ಲುಚೂರು ಬೆರೆತ ಮಣ್ಣು) ಸಿಕ್ಕರೆ ಅಲ್ಲಿ ಸೈಜುಗಲ್ಲಿನ ಬುನಾದಿ ಸಾಕು. ಭರಮಸಾಗರ, ಜಗಳೂರು, ಹಿರಿಯೂರಿನ ಎರೆ (ಕಪ್ಪು ಮಣ್ಣಿನ) ನೆಲದ ಕಥೆ ಬೇರೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಕಟ್ಟಡ ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಡುತ್ತದೆ. ಹಳೆಯ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತಿದ್ದರೆ ಅಡಿಯಲ್ಲಿ ಎರೆ ಇದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಏಪ್ರಿಲ್‌ನಲ್ಲಿ ಜಾಗದ ಎರಡು ಮೂಲೆಯಲ್ಲಿ ಆರೇಳು ಅಡಿ ಗುಂಡಿ ತೆಗೆಸಿ. ಎರೆ ಅಷ್ಟರೊಳಗೆ ಮುಗಿದು ಗರಸು ಬಂದರೆ ಬುನಾದಿಯನ್ನು ಗರಸಿನ ಮೇಲೆಯೇ ಕೂರಿಸಿ. ಮುಗಿಯದಿದ್ದರೆ ನೆಲದೊಳಗೆ ಆಳಕ್ಕೆ ಇಳಿಸುವ, ಬುಡ ಅಗಲಿಸಿದ ಕಾಂಕ್ರೀಟ್ ಕಂಬ (ಅಂಡರ್‌ರೀಮ್ಡ್ ಪೈಲ್), ಅದರ ಮೇಲೆ ಗೋಡೆ ಹೊರುವ ಪ್ಲಿಂತ್ ಬೀಮ್. ಬೀಮಿನ ಅಡಿಗೂ ಮಣ್ಣಿಗೂ ಮೂರು ಇಂಚಿನಷ್ಟು ಸಂದು ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಮೇಸ್ತ್ರಿಗಳು ಬಹಳ ಸಲ ಈ ಸಂದನ್ನು ಮಣ್ಣು ತುಂಬಿ ಮುಚ್ಚಿಬಿಡುತ್ತಾರೆ, ನಿಂತು ನೋಡಿಕೊಳ್ಳಿ. ಕಟ್ಟಡದ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಅಂಚು ಹಾಕಿಸಿ, ಮಳೆನೀರು ಬುಡಕ್ಕೆ ಇಳಿಯಬಾರದು.

ಇಷ್ಟಾದ ಮೇಲೆ ಅಂದಾಜು ಪಟ್ಟಿ. ಚದರಡಿಗೆ 2,000 ರೂಪಾಯಿ ಹಿಡಿದರೂ 20 ಅಡಿ ಉದ್ದ, 20 ಅಡಿ ಅಗಲದ ಒಂದು ಕೋಣೆಗೆ 8 ಲಕ್ಷ. ಎರೆ ನೆಲದ ಬುನಾದಿ ಅದರ ಮೇಲೆ. ಈ ಮೊತ್ತವನ್ನು ಇಡಿಯಾಗಿ ಕೇಳಬೇಡಿ. ಬುನಾದಿ, ಗೋಡೆ, ಚಾವಣಿ, ಕಿಟಕಿ-ಬಾಗಿಲು, ನೆಲ ಎಂದು ಒಡೆದು ಕೇಳಿ. ಐದು ಸಾವಿರ ಕೊಡಬಲ್ಲವರಿಗೆ ತಮ್ಮ ದುಡ್ಡು ಯಾವ ಕಿಟಕಿಯಾಯಿತು ಅನ್ನುವುದು ಕಣ್ಣಿಗೆ ಕಾಣಬೇಕು. ಆದರೆ ಒಂದು ಕಟ್ಟುನಿಟ್ಟು: ಚಾವಣಿಯ ದುಡ್ಡು ಖಾತೆಗೆ ಬೀಳುವವರೆಗೆ ಗೋಡೆ ಎಬ್ಬಿಸಬೇಡಿ. ಲಿಂಟಲ್ (ಕಿಟಕಿ-ಬಾಗಿಲಿನ ಮೇಲಿನ ಪಟ್ಟಿ) ಮಟ್ಟಕ್ಕೆ ನಿಂತ ಗೋಡೆ ಎರಡು ಮಳೆ ಕಂಡರೆ ಮೇಲಿನ ವರಸೆಗಳು ಸಡಿಲವಾಗುತ್ತವೆ, ಹೊರಗೆ ಚಾಚಿದ ಕಂಬಿ ತುಕ್ಕು ಹಿಡಿಯುತ್ತದೆ.

ಯಾವಾಗ ಕೇಳಬೇಕು ಅನ್ನುವುದೂ ಲೆಕ್ಕದ ಮಾತೇ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಒಕ್ಕಣೆ ಮುಗಿದ ಮೇಲೆ ರೈತರ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ, ಜೂನ್‌ನಲ್ಲಿ ಬೀಜ-ಗೊಬ್ಬರಕ್ಕೇ ಸಾಲ. ನವೆಂಬರ್‌ನಿಂದ ಊರೊಳಗೆ ಎತ್ತಿ, ದುಡ್ಡು ಇಲ್ಲದವರು ಒಂದು ಚೀಲ ಶೇಂಗಾ ಕೊಟ್ಟರೂ ತಗೊಳ್ಳಿ, ಟ್ರ್ಯಾಕ್ಟರ್ ಇರುವವರು ನಾಲ್ಕು ಲೋಡು ಗರಸು ಹೊಡೆಯಲಿ. ಕೊಟ್ಟ ಪ್ರತಿಯೊಂದಕ್ಕೂ ಬೆಲೆ ಕಟ್ಟಿ ರಸೀದಿ ಬರೆಯಿರಿ. ‘ಮಾಡಿದಷ್ಟು ನೀಡು ಭಿಕ್ಷೆ’ (ದುಡಿದಷ್ಟು ಫಲ) ಎಂದ ಸಂತ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಸೀಮೆ ಇದು. ಊರಿನ ಪಾಲು ಮೊದಲು ಬಿದ್ದಿದ್ದರೆ ಬೆಂಗಳೂರಿನ ಹಳೆ ವಿದ್ಯಾರ್ಥಿಗಳ ಮುಂದೆ ಕೈಚಾಚುವಾಗ ತಲೆ ತಗ್ಗಿಸಬೇಕಿಲ್ಲ. ಸ್ವಾಮಿಯ ಫಾಲ್ಗುಣದ ಜಾತ್ರೆಗೆ ಆ ಹಳೆ ವಿದ್ಯಾರ್ಥಿಗಳೇ ಊರಿಗೆ ಬರುತ್ತಾರೆ, ಬುನಾದಿಯ ಗುರುತು ಹಾಕಿದ ಜಾಗಕ್ಕೆ ಕರೆದುಕೊಂಡು ಹೋಗಿ ಮಾತಾಡಿ.

ದುಡ್ಡು ಬೀಳಬೇಕಾದದ್ದು ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ. ಒಬ್ಬರ ಫೋನ್‌ಪೇ ನಂಬರ್ ಹಂಚಿದರೆ, ಆ ಮನುಷ್ಯ ಎಷ್ಟೇ ಪ್ರಾಮಾಣಿಕನಿರಲಿ, ಅನುಮಾನ ತಪ್ಪಿದ್ದಲ್ಲ. ಜಮಾ-ಖರ್ಚಿನ ಹಾಳೆಯನ್ನು ತಿಂಗಳಿಗೊಮ್ಮೆ ಶಾಲೆಯ ಗೋಡೆಗೆ ಅಂಟಿಸಿ, ಅದರ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ತೆರಿಗೆ ವಿನಾಯಿತಿ ಕೇಳುವ ದಾನಿಗಳಿಗೆ 80ಜಿ ನೋಂದಣಿ ಇರುವ ಟ್ರಸ್ಟ್ ಒಂದರ ಮೂಲಕ ಕೊಡಿಸಬೇಕು. 2,000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಅದು ಇಲ್ಲವೇ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ. ವಿದೇಶದಲ್ಲಿರುವ ಊರಿನ ಮಕ್ಕಳು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ತಮ್ಮ ಬ್ಯಾಂಕ್ ಖಾತೆಯಿಂದ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರ ದುಡ್ಡನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದವರು ಮುಟ್ಟುವಂತಿಲ್ಲ.

ಚಾವಣಿ ಹಾಕುವ ದಿನ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಗೋಡೆ, ಚಾಚು ಸೇರಿ 22 ಅಡಿ ಚೌಕದ, 5 ಇಂಚು ದಪ್ಪದ ಚಾವಣಿಗೆ 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣದಲ್ಲಿ ಸುಮಾರು 46 ಚೀಲ ಸಿಮೆಂಟ್ ಬೇಕು, ನಡುವಿನ ತೊಲೆಗೆ ಬೇರೆ. ಬಂದ ಚೀಲ, ಒಡೆದ ಚೀಲ ಎರಡನ್ನೂ ಒಬ್ಬರು ಎಣಿಸುತ್ತಿರಲಿ. ಚೀಲಕ್ಕೆ 30 ಲೀಟರ್ ಮೀರಿ ನೀರು ಬೇಡ. ತಿರುವಲು ಹಗುರಾಗಲಿ ಎಂದು ಸುರಿದ ಪ್ರತಿ ಬಕೆಟ್ ನೀರೂ ಬಲವನ್ನು ತಿನ್ನುತ್ತದೆ. ಕಂಬಿಯ ಅಡಿಗೆ 20 ಮಿಲಿಮೀಟರ್ ದಪ್ಪದ ಕವರ್ ಬಿಲ್ಲೆ ಇಡಿಸಿ, ಹಳೆಯ ಶಾಲೆಗಳ ಚಾವಣಿ ಉದುರುವುದು ಬಹುಪಾಲು ಕಂಬಿ ಸೆಂಟ್ರಿಂಗ್ ಹಲಗೆಗೆ (ಕಾಂಕ್ರೀಟ್ ಸುರಿಯುವ ಅಚ್ಚಿಗೆ) ಅಂಟಿಕೊಂಡು ಕೂತಿದ್ದರಿಂದಲೇ. ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಟ್ಯಾಂಕರ್‌ನಲ್ಲಿ ಸಿಹಿನೀರು ತರಿಸಿ, ಕ್ಲೋರೈಡ್ ಹೆಚ್ಚಿದ ನೀರು ಕಂಬಿಯನ್ನು ಒಳಗಿಂದ ತಿನ್ನುತ್ತದೆ. ಬೆಟ್ಟದ ಮೇಲೆ ಗಾಳಿಯಂತ್ರ ತಿರುಗುವ ಸೀಮೆಯಲ್ಲಿ ಆಷಾಢದ ಗಾಳಿ ಹಸಿ ಕಾಂಕ್ರೀಟಿನ ಮೈಯನ್ನು ಗಂಟೆಯೊಳಗೆ ಒಣಗಿಸಿ ಕೂದಲೆಳೆಯ ಬಿರುಕು ತರುತ್ತದೆ. ಮೇಲ್ಮೈ ನುಣುಪು ಮಾಡಿದ ಕೂಡಲೇ ಒದ್ದೆ ಗೋಣಿಚೀಲ ಹೊದಿಸಿ, ಮಾರನೇ ದಿನ ಮಣ್ಣಿನ ಬದು ಕಟ್ಟಿ 14 ದಿನ ನೀರು ನಿಲ್ಲಿಸಿ. ಅಷ್ಟು ದಿನ ಚಾವಣಿಯ ಊರುಗೋಲು ತೆಗೆಯಬಾರದು, 20 ಅಡಿಯ ನಡುವಿನ ತೊಲೆಯ ಅಡಿಯದನ್ನು 21 ದಿನ, ಗುತ್ತಿಗೆದಾರ ಬೇರೆ ಕಡೆ ಸೆಂಟ್ರಿಂಗ್ ಬೇಕು ಎಂದು ಎಷ್ಟೇ ಅವಸರ ಮಾಡಿದರೂ.

ಶೌಚಾಲಯ, ಕುಡಿಯುವ ನೀರು, ಇಳಿಜಾರು ದಾರಿ ಇವನ್ನು ಅಂದಾಜಿನ ಕೊನೆಗೆ ತಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಗಂಡು, ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಲೇಬೇಕು. ನೀರಿನ ಸಂಪರ್ಕವೂ ತೊಳೆಯುವವರ ಕೂಲಿಯೂ ಗೊತ್ತಾಗದೆ ಕಟ್ಟಿದ ಶೌಚಾಲಯಕ್ಕೆ ಬೀಗ ಬೀಳುತ್ತದೆ, ದೊಡ್ಡ ಹೆಣ್ಣುಮಕ್ಕಳು ಶಾಲೆ ತಪ್ಪಿಸುವುದು ಅಲ್ಲಿಂದಲೇ ಶುರು. ಎರೆ ನೆಲದಲ್ಲಿ ಇಂಗುಗುಂಡಿ ನೀರು ಹೀರುವುದಿಲ್ಲ, ದೊಡ್ಡ ಸೆಪ್ಟಿಕ್ ಟ್ಯಾಂಕ್ ಬೇಕು. ಈ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದರಿಂದ ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸಬೇಡಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಬೇರೆ ಮೂಲ ಹುಡುಕಲೇಬೇಕು. ಹೊಸ ಚಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸುವ ಪೈಪು ಆಗಲೇ ಕೂರಿಸಿಕೊಂಡರೆ ಆಮೇಲೆ ಗೋಡೆ ಒಡೆಯುವುದು ತಪ್ಪುತ್ತದೆ.

ಗುತ್ತಿಗೆದಾರರಿಗೆ ಅಳತೆ ಪುಸ್ತಕ ನೋಡಿ ಹಂತಹಂತವಾಗಿ ಕೊಡಿ. ನೂರಕ್ಕೆ ಹತ್ತರಷ್ಟು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಿ, ಕರಾರಿನಲ್ಲೇ ಬರೆಸಿ. ಸೋರಿಕೆ ಗೊತ್ತಾಗುವುದು ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ, ಆಗ ಮೇಸ್ತ್ರಿಯನ್ನು ಮತ್ತೆ ಕರೆಸುವುದು ಆ ಹತ್ತರಷ್ಟು ಬಾಕಿಯೇ.