ಮೈನಸ್ 22ಕ್ಕೆ ರೆಡಿಯಾಗಿ ಹೋದ್ರೆ ಸ್ವಾಲ್ಬಾರ್ಡ್‌ನಲ್ಲಿ ಮಳೆ!

ಓಸ್ಲೋದಲ್ಲಿ ಕೆಲಸ ಮಾಡೋ ಫ್ರೆಂಡ್ ಮನೆಗೆ ಹೇಗೂ ಹೋಗೋದಿತ್ತು, ಅಲ್ಲಿಂದ ಇನ್ನು ಮೂರು ಗಂಟೆ ಫ್ಲೈಟ್ ಅಷ್ಟೇ ಕಣೋ ಅಂತ ಅವನು ತಲೆ ತಿಂದು ತಿಂದು ಲಾಂಗ್‌ಇಯರ್‌ಬ್ಯೆನ್‌ಗೆ ಟಿಕೆಟ್ ಮಾಡಿಸೇಬಿಟ್ಟ. ಉತ್ತರ ಧ್ರುವದ ಕಡೆಗಿರೋ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಮುಖ್ಯ ಊರು ಇದು. 78 ಡಿಗ್ರಿ ಉತ್ತರ, ಸುಮಾರು 2500 ಜನ. 1906ರಲ್ಲಿ ಜಾನ್ ಮನ್ರೋ ಲಾಂಗ್‌ಇಯರ್ ಅನ್ನೋ ಅಮೆರಿಕದವನ ಕಂಪನಿ ಕಲ್ಲಿದ್ದಲು ತೆಗೆಯೋಕೆ ಕಟ್ಟಿದ ಊರು, ಹೆಸರೂ ಅವನದ್ದೇ. ಗಣಿ ಕಾಲದ ಅಭ್ಯಾಸ ಈಗಲೂ ಇದೆ, ಹೋಟೆಲ್, ಮ್ಯೂಸಿಯಂ ಎಲ್ಲಿಗೆ ಹೋದ್ರೂ ಬಾಗಿಲಲ್ಲೇ ಶೂ ಬಿಚ್ಚಬೇಕು. ಇದೊಂದು ಮಾತ್ರ ನಮಗೆ ಯಾರೂ ಹೇಳಿಕೊಡಬೇಕಾಗಿರ್ಲಿಲ್ಲ.

ನಾವು ಹೋಗಿದ್ದು ಫೆಬ್ರವರಿ ಕೊನೇಲಿ. ಅಕ್ಟೋಬರ್‌ನಲ್ಲಿ ಮುಳುಗಿದ ಸೂರ್ಯ ಫೆಬ್ರವರಿ ಮಧ್ಯದಲ್ಲಿ ದಿಗಂತದ ಮೇಲೆ ಬರ್ತಾನೆ, ಆದ್ರೆ ಸುತ್ತ ಬೆಟ್ಟ ಇರೋದ್ರಿಂದ ಊರೊಳಗೆ ಬಿಸಿಲು ಬೀಳೋದು ಮಾರ್ಚ್ 8ರ ಸುಮಾರಿಗೆ, ಅದೂ ಹಳೇ ಆಸ್ಪತ್ರೆ ಮೆಟ್ಟಿಲ ಮೇಲೆ ಮೊದಲು, ಅದಕ್ಕೆ ಇಡೀ ಊರು ಸೇರಿ ಒಂದು ವಾರ ಹಬ್ಬ ಮಾಡುತ್ತೆ. ನಮಗೆ ಸಿಕ್ಕಿದ್ದು ಬಿಸಿಲಿಲ್ಲದ ಬರೀ ಬೆಳಕು, ಹಿಮ ಬೆಟ್ಟ ಆಕಾಶ ಎಲ್ಲಾ ನೀಲಿ.

ಇಳಿದಾಗ ಮೈನಸ್ 22. ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತೆ, ರೆಪ್ಪೆ ಬಿಳಿಯಾಗುತ್ತೆ, 60 ಪರ್ಸೆಂಟ್ ಚಾರ್ಜ್ ಇದ್ದ ಫೋನು ಎರಡು ಫೋಟೋ ತೆಗೆಯೋದ್ರೊಳಗೆ ಆಫ್. ಆದ್ರೂ ಹೇಳ್ತೀನಿ, ಗಾಳಿ ಇಲ್ದಿದ್ರೆ ತಡ್ಕೋಬಹುದು, ಉಣ್ಣೆ ಮೇಲೆ ಉಣ್ಣೆ ಹಾಕ್ಕೊಂಡ್ರೆ ಆಯ್ತು. ಊರು ದಾಟಿ ಆಡ್ವೆಂಟ್‌ಡಾಲೆನ್ ಕಣಿವೆ ಬಾಯಿಗೆ ಬಂದಾಗ ಆಟ ಬದಲಾಯ್ತು. ಮೈನಸ್ 20ಕ್ಕೆ ಸೆಕೆಂಡಿಗೆ 10 ಮೀಟರ್ ಗಾಳಿ ಸೇರಿದ್ರೆ ಚರ್ಮಕ್ಕೆ ಅನ್ಸೋದು ಮೈನಸ್ 34ರ ಹತ್ತಿರ. ನನ್ನ ಕೆನ್ನೆ ಮೇಲೆ ಒಂದು ಬಿಳಿ ಮಚ್ಚೆ ಕಾಣಿಸಿದ್ದೇ ತಡ ಗೈಡ್ ಹುಡುಗಿ ಕೈಗವಸು ಬಿಚ್ಚಿ ಅಂಗೈ ಒತ್ತಿ ಹಿಡಿದಳು, ಉಜ್ಜಬಾರದಂತೆ. ಬೆನ್ನಿಗೆ ರೈಫಲ್ ಬೇರೆ, ಊರ ಗಡಿ ದಾಟಿದ್ರೆ ಹಿಮಕರಡಿ ಭಯ ಇರೋದ್ರಿಂದ ಅದಿಲ್ದೆ ಯಾರೂ ಹೊರಡಲ್ಲ. ಇಲ್ಲಿ ಮೈನಸ್ 46.3 ಕೂಡ ದಾಖಲಾಗಿದೆ, 1986ರ ಮಾರ್ಚ್‌ನಲ್ಲಿ. ಅದನ್ನ ಕೇಳಿ ನಾವು ಕಣ್ಣರಳಿಸಿದ್ರೆ ಅವಳು ನಕ್ಕು, ಚಳಿಗೆ ನಾನು ಹೆದರಲ್ಲ, ಫೆಬ್ರವರಿಯಲ್ಲಿ ಬೆಚ್ಚಗಾದ್ರೆ ಹೆದರ್ತೀನಿ ಅಂದ್ಲು.

ಮರುದಿನದ ಸ್ನೋಸ್ಕೂಟರ್ ಟ್ರಿಪ್ ಅವಳೇ ಕ್ಯಾನ್ಸಲ್ ಮಾಡಿದ್ಲು, ಆಕಾಶ ಶುಭ್ರವಾಗಿದ್ದಾಗಲೇ. ಸಂಜೆಗೆ ದಕ್ಷಿಣದಿಂದ ಗಾಳಿ ಎದ್ದಿತು. ಮೊದಲು ಹಿಮ, ಮೇಲಿಂದ ಬೀಳ್ತಿಲ್ಲ, ಅಡ್ಡಡ್ಡ ಹಾರ್ತಿದೆ, ಎದುರಿನ ಬಿಲ್ಡಿಂಗ್ ಮಾಯ, ಬೀದಿ ದೀಪ ಮಾಯ. ನೆಲದಡಿ ವರ್ಷಪೂರ್ತಿ ಹೆಪ್ಪುಗಟ್ಟಿರೋದ್ರಿಂದ ಇಲ್ಲಿ ಕಟ್ಟಡಗಳೆಲ್ಲ ಕಂಬಗಳ ಮೇಲೆ ನಿಂತಿವೆ, ಗಾಳಿ ಅಡಿಯಿಂದ ನುಗ್ಗಿ ಹೋಟೆಲ್ಲೇ ಗುಂಯ್ ಅಂತಿತ್ತು, ನಿದ್ದೆ ಎಲ್ಲಿಂದ ಬರ್ಬೇಕು. ನಡುರಾತ್ರಿ ನೋಡಿದ್ರೆ ಮೈನಸ್ 9. ಬೆಳಿಗ್ಗೆ ಪ್ಲಸ್ 2. ಕಿಟಕಿ ಗಾಜಿನ ಮೇಲೆ ಮಳೆ!

ಇದರ ಹಿಂದಿನ ಲೆಕ್ಕ ಏನಂದ್ರೆ, ಅಟ್ಲಾಂಟಿಕ್‌ನಲ್ಲಿ ಹುಟ್ಟಿದ ಬಿರುಗಾಳಿಗಳು ಗ್ರೀನ್‌ಲ್ಯಾಂಡ್‌ಗೂ ನಾರ್ವೆಗೂ ನಡುವೆ ಮೇಲಕ್ಕೆ ಬರುವಾಗ ದಕ್ಷಿಣದ ಬೆಚ್ಚನೆ ತೇವದ ಗಾಳೀನ ಜೊತೆಗೇ ಎಳ್ಕೊಂಡು ಬರ್ತವೆ, ಈ ದ್ವೀಪದ ಪಶ್ಚಿಮಕ್ಕೆ ಬೆಚ್ಚನೆ ಸಾಗರ ಪ್ರವಾಹ ಇರೋದ್ರಿಂದ ಅಲ್ಲಿ ಚಳಿಗಾಲದಲ್ಲೂ ಸಮುದ್ರ ಹೆಚ್ಚಾಗಿ ತೆರೆದೇ ಇರುತ್ತೆ, ತಡೆಯೋಕೆ ಮಂಜುಗಡ್ಡೆ ಇಲ್ಲ. ಸ್ವಾಲ್ಬಾರ್ಡ್ ಜಗತ್ತಿನ ಸರಾಸರಿಗಿಂತ ಆರೇಳು ಪಟ್ಟು ವೇಗವಾಗಿ ಬಿಸಿಯಾಗ್ತಿದೆ ಅಂತಾರೆ, ಚಳಿಗಾಲದ ಮಳೆ ಈಗ ಅಪರೂಪ ಅಲ್ವಂತೆ.

ಹಿಮದ ಮೇಲೆ ಬಿದ್ದ ಮಳೆ ಕೂಡ್ಲೇ ಗಾಜಾಗುತ್ತೆ. ರೋಡು ಎಣ್ಣೆ ಚೆಲ್ಲಿದ ಅಡುಗೆಮನೆ ನೆಲದ ಥರ, ಹೋಟೆಲ್‌ನಿಂದ ಅಂಗಡಿಗೆ ಐದು ನಿಮಿಷದ ದಾರಿ ನಾವು ಗೋಡೆ ಹಿಡ್ಕೊಂಡು ಅರ್ಧ ಗಂಟೆ ನಡೆದ್ವಿ. ಬೆಟ್ಟದ ಬುಡದ ಒಂದು ರಸ್ತೆ ಮುಚ್ಚಿದ್ರು. ಅದು ಸುಕ್ಕರ್‌ಟೊಪ್ಪೆನ್ ಬೆಟ್ಟ. 2015ರ ಡಿಸೆಂಬರ್ 19ರಂದು, ಹಿಂದಿನ ರಾತ್ರಿ ಬಿರುಗಾಳಿ ಪೇರಿಸಿಟ್ಟ ಹಿಮ ಅಲ್ಲಿಂದ ಜಾರಿ 11 ಮನೆಗಳನ್ನ ಜಾಗದಿಂದಲೇ ತಳ್ಳಿತ್ತು, ಇಬ್ಬರು ಸತ್ರು, ಒಬ್ಬಳು ಪುಟ್ಟ ಮಗು. 2017ರಲ್ಲಿ ಮತ್ತೆ ಜಾರಿತು, ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಈಗ ಬೆಟ್ಟದ ಮೈಮೇಲೆಲ್ಲ ಉಕ್ಕಿನ ಬೇಲಿ ಸಾಲು, ಮೊದಲ ದಿನ ನಾನು ಅದನ್ನ ಸ್ಕೀ ಮಾಡೋರಿಗೆ ಹಾಕಿದ್ದೇನೋ ಅನ್ಕೊಂಡಿದ್ದೆ.

ಗಿಡ್ಡ ಕಾಲಿನ ಹಿಮಸಾರಂಗಗಳು ಮನೆಗಳ ಮಧ್ಯೆಯೇ ಗೊರಸಿನಿಂದ ಕೆರೀತಾ ಇದ್ವು. ಮೆತ್ತಗಿನ ಹಿಮ ಆದ್ರೆ ಕೆದಕಿ ಹುಲ್ಲು ತಿಂತವೆ, ಮಳೆಯಾಗಿ ಹೆಪ್ಪುಗಟ್ಟಿದ್ರೆ ಆಗಲ್ಲ, ಅಂಥ ಚಳಿಗಾಲದಲ್ಲಿ ಎಷ್ಟೋ ಹಸಿವಿನಿಂದ ಸಾಯ್ತವೆ.

ಗಾಳಿ ನಿಂತ ಮೇಲೆ, ಜಗತ್ತಿನ ಬೆಳೆಗಳ ಬೀಜ ಕಾಪಾಡಿಡೋ ಬೀಜ ಭಂಡಾರದ ಬಾಗಿಲು ನೋಡ್ಕೊಂಡು ಬಂದ್ವಿ, 2008ರಲ್ಲಿ ಶುರುವಾಗಿದ್ದು, ಒಳಗೆ ಬಿಡಲ್ಲ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ಕಳಿಸಿದ ಜೋಳ, ತೊಗರಿ, ಶೇಂಗಾ ಬೀಜಗಳೂ ಆ ಬೆಟ್ಟದೊಳಗೆ ಮೈನಸ್ 18ರಲ್ಲಿ ಕೂತಿವೆ ಅಂದ್ರೆ ನನಗೆ ಏನೋ ಖುಷಿ. 2016ರಲ್ಲಿ ಇಂಥದ್ದೇ ಅಕಾಲದ ಸೆಖೆ ಮಳೆಗೆ ಸುರಂಗದ ಬಾಯೊಳಗೆ ನೀರು ನುಗ್ಗಿತ್ತು, ಬೀಜಕ್ಕೇನೂ ಆಗಲಿಲ್ಲ, ಆಮೇಲೆ ಪ್ರವೇಶದ ಸುರಂಗಾನ ಹೊಸದಾಗಿ ಕಟ್ಟಿದ್ರು.

ವಾಪಸ್ ಫ್ಲೈಟು ಅಡ್ಡಗಾಳಿಗೆ ಕ್ಯಾನ್ಸಲ್ ಆಗಿ ಮರುದಿನ ಹೊರಟಿತು, ಹೋಗೋರು ಒಂದೆರಡು ದಿನ ಎಕ್ಸ್‌ಟ್ರಾ ಇಟ್ಕೊಳ್ಳಿ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದ್ರೆ ಅದು ಶೆಂಗೆನ್ ಅನ್ನೋ ಯುರೋಪಿನ ಒಂದೇ ವೀಸಾ ವಲಯದ ಹೊರಗಿರೋದ್ರಿಂದ ನಾರ್ವೆಯ ಮುಖ್ಯ ಭೂಭಾಗಕ್ಕೆ ವಾಪಸ್ ಬರೋಕೆ ಡಬಲ್ ಎಂಟ್ರಿ ಶೆಂಗೆನ್ ವೀಸಾ ಬೇಕೇ ಬೇಕು. ಚಳಿ ಸೂಟನ್ನ ಟೂರಿನವರೇ ಕೊಡ್ತಾರೆ, ಇಲ್ಲಿಂದ ಹೊತ್ಕೊಂಡು ಹೋಗ್ಬೇಡಿ. ಶೂಗೆ ಸಿಕ್ಕಿಸೋ ಮುಳ್ಳಿನ ಪಟ್ಟಿ ಮಾತ್ರ ಇಳಿದ ದಿನಾನೇ ತಗೊಳ್ಳಿ, ಮಳೆ ಬಿದ್ದ ದಿನ ಅಂಗಡೀಲಿ ನನ್ನ ಸೈಜಿಂದು ಖಾಲಿಯಾಗಿತ್ತು.